ಮೊದಲ ಸುತ್ತಿನ ಮುಚ್ಚಳ
ಮಲೇರಿಯಾದ ನೆಸ್ಟೆಡ್ ಪಿಸಿಆರ್ (ಪರಾವಲಂಬಿಯ ಡಿಎನ್‌ಎಯನ್ನು ಎರಡು ಸುತ್ತಿನಲ್ಲಿ ನಕಲು ಮಾಡಿ ಪತ್ತೆಹಚ್ಚುವ ಪರೀಕ್ಷೆ; ಮೊದಲ ಸುತ್ತಿನ ಪ್ರತಿಗಳೇ ಎರಡನೆಯದಕ್ಕೆ ಮೂಲ) ಹೆಚ್ಚಾಗಿ ಕೆಡುವುದು ಮೊದಲ ಸುತ್ತಿನ ಟ್ಯೂಬಿನ ಮುಚ್ಚಳ ತೆರೆಯುವಾಗ. ಒಳಗೆ ಪರಾವಲಂಬಿಯ ಗುರುತು ಹಿಡಿಯುವ 18ಎಸ್ ಆರ್‌ಆರ್‌ಎನ್‌ಎ ಜೀನಿನ ಕೋಟಿಗಟ್ಟಲೆ ಪ್ರತಿಗಳು. ಕಣ್ಣಿಗೆ ಕಾಣದ ತುಂತುರು ಪಕ್ಕಕ್ಕೆ ಸಿಡಿದರೆ ಸಾಕು, ಸೋಂಕಿಲ್ಲದ ಮಾದರಿಯೂ ಪಾಸಿಟಿವ್. ಮೊದಲ ಸುತ್ತಿನ ನೀರಿನ ಕಂಟ್ರೋಲನ್ನು (ಮಾದರಿಯ ಬದಲು ಬರೀ ನೀರು ಹಾಕಿದ ಟ್ಯೂಬ್; ಅದು ಪಾಸಿಟಿವ್ ಆದರೆ ಪ್ರತಿಗಳು ಸಿಡಿದು ಬೆರೆತಿವೆ ಎಂದರ್ಥ) ಎರಡನೆಯದಕ್ಕೂ ಒಯ್ಯಲೇಬೇಕು. ಫಿಲ್ಟರ್ ಟಿಪ್, ಬೇರೆ ಪಿಪೆಟ್, ಸಾಧ್ಯವಾದರೆ ಬೇರೆ ಕೋಣೆ.

ಜೆಲ್‌ನಲ್ಲಿ 205 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ) ಉದ್ದದ ಪಟ್ಟಿ ಫಾಲ್ಸಿಪ್ಯಾರಮ್, 120 ವೈವ್ಯಾಕ್ಸ್, 144 ಮಲೇರಿಯೇ; ಮೂರೂ ಮಲೇರಿಯಾ ಪರಾವಲಂಬಿಯ ಪ್ರಭೇದಗಳು. ಕೊನೆಯ ಎರಡು ಬಲು ಹತ್ತಿರ. ಪ್ರಭೇದಕ್ಕೊಂದು ಟ್ಯೂಬ್ ಇಡುವುದೇ ಕ್ಷೇಮ. ರಕ್ತ ಇಡಿಟಿಎ ಟ್ಯೂಬಿನಲ್ಲಿರಲಿ, ಹೆಪಾರಿನ್ ಬೇಡ; ಎರಡೂ ರಕ್ತ ಹೆಪ್ಪುಗಟ್ಟದಂತೆ ಹಾಕುವವು, ಆದರೆ ಹೆಪಾರಿನ್ ಪ್ರತಿ ಮಾಡುವ ಕಿಣ್ವವಾದ ಪಾಲಿಮರೇಸನ್ನು ತಡೆಯುತ್ತದೆ.

ಚಿಕಿತ್ಸೆಯ ನಂತರವೂ ಕೆಲಕಾಲ ಪಟ್ಟಿ ಕಾಣಬಹುದು. ಪರಾವಲಂಬಿ ಸತ್ತರೂ ಅದರ ಗುರುತು ರಕ್ತದಲ್ಲಿ ಉಳಿದಿರುತ್ತದೆ, ಯೋಚಿಸಿದಷ್ಟೂ ಅಚ್ಚರಿ. ಆ ಪಟ್ಟಿಯೊಂದನ್ನೇ ನೋಡಿ ಔಷಧ ಸೋತಿತೆಂದು ಬರೆಯಬೇಡಿ.