ತಂಡದ ಹೆಸರು ನಮ್ಮೂರದು, ಹುಡುಗರು ಯಾವೂರವರು?

ರಾಜ್ಯದ ಟಿ20 ಲೀಗ್ ಆಗಿದ್ದ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ನಿಂತುಹೋಗಿ ವರ್ಷಗಳಾದರೂ ಬೆಳಗಾವಿ ಪ್ಯಾಂಥರ್ಸ್, ಬಿಜಾಪುರ ಬುಲ್ಸ್ ಹೆಸರೆತ್ತಿದರೆ ಎರಡೂ ಊರಿನವರು ಜಗಳಕ್ಕೆ ತಯಾರು. ಬುಲ್ಸ್ ಹತ್ತಿರ ಎರಡು ಕಪ್, 2015ರದ್ದು ಮತ್ತು 2018ರದ್ದು. ಪ್ಯಾಂಥರ್ಸ್ ಹತ್ತಿರ ಒಂದೇ, ಆದರೆ ಅದು 2017ರ ಫೈನಲ್‌ನಲ್ಲಿ ಬುಲ್ಸ್‌ನವರನ್ನೇ ಸೋಲಿಸಿ ಗೆದ್ದದ್ದು. ಬಾಗಲಕೋಟೆಯವರಿಗೆ ತಂಡವೇ ಇರಲಿಲ್ಲ. ಗೆದ್ದವರ ಕಡೆ ಸೇರಿಕೊಳ್ಳುವ ಸೌಲಭ್ಯ ಅವರಿಗೆ.

ಜಗಳ ಚಂದವೇ. ಆದರೆ ಆ ತಂಡಗಳಲ್ಲಿ ನಮ್ಮ ಜಿಲ್ಲೆಗಳ ಪಾಲು ಎಷ್ಟಿತ್ತು? ಆಟಗಾರರು ಹರಾಜಿನಲ್ಲಿ ರಾಜ್ಯದ ಎಲ್ಲ ಕಡೆಯಿಂದ ಬರುತ್ತಿದ್ದರು. ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಬೆಳಗಾವಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿ.ಮೀ., ವಿಜಯಪುರದವರಿಗೆ ಅದರ ಎರಡರಷ್ಟು. 2019ರಲ್ಲಿ ಮ್ಯಾಚ್ ಫಿಕ್ಸಿಂಗ್ ತನಿಖೆ ಶುರುವಾಯಿತು, ಲೀಗ್ ಅಲ್ಲಿಗೇ ನಿಂತಿತು. ಫಿಕ್ಸಿಂಗ್ ಐಪಿಸಿ 420ರ ವಂಚನೆಯೊಳಗೆ ಬರುವುದಿಲ್ಲ ಎಂದು 2022ರ ಜನವರಿಯಲ್ಲಿ ಹೈಕೋರ್ಟ್ ಆರೋಪಪಟ್ಟಿಯನ್ನು ರದ್ದು ಮಾಡಿತು. ಅದೇ ವರ್ಷ ಕೆಪಿಎಲ್ ಜಾಗದಲ್ಲಿ ಮಹಾರಾಜ ಟ್ರೋಫಿ ಎಂಬ ಲೀಗ್ ಆರು ತಂಡಗಳೊಂದಿಗೆ ಆರಂಭವಾಯಿತು. ಉತ್ತರ ಕರ್ನಾಟಕಕ್ಕೆ ಸಿಕ್ಕಿದ್ದು ಹುಬ್ಬಳ್ಳಿ ಟೈಗರ್ಸ್ ಮತ್ತು ಗುಲ್ಬರ್ಗ ಮಿಸ್ಟಿಕ್ಸ್. ಟೈಗರ್ಸ್ 2023ರಲ್ಲಿ ಕಪ್ ಗೆದ್ದರು, ಅದೂ ಬೆಂಗಳೂರಿನಲ್ಲಿ.

ಹೊಸ ತಂಡ ಬೇಕು ಅಂತ ಕೂಗುವವರಿಗೆ ಒಂದು ಮಾತು. ಮೊದಲು ನಮ್ಮ ಹುಡುಗರು ಯಾವ ಚೆಂಡಿನಲ್ಲಿ, ಯಾವ ಪಿಚ್ ಮೇಲೆ ಆಡುತ್ತಾರೆ ನೋಡಿ.

ಊರ ಟೂರ್ನಮೆಂಟ್‌ಗಳಲ್ಲಿ ನಡೆಯುವುದು ಟೆನಿಸ್ ಬಾಲ್ ಆಟ. ಸಾದಾ ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಲೆದರ್ ಬಾಲ್ 156ರಿಂದ 163 ಗ್ರಾಂ. ಟೆನಿಸ್ ಚೆಂಡು ಗುಡ್ ಲೆಂಗ್ತ್‌ನಿಂದಲೇ (ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರವೂ ಅಲ್ಲ, ದೂರವೂ ಅಲ್ಲದ ಜಾಗ) ಎದೆಮಟ್ಟ ಏಳುತ್ತದೆ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಬ್ಯಾಟ್ಸ್‌ಮನ್ ಮುಂಗಾಲು ಲೆಗ್ ಕಡೆ ಸರಿಸಿ ಅಡ್ಡ ಬೀಸುವುದನ್ನು ಕಲಿಯುತ್ತಾನೆ. ಹಗುರ ಬ್ಯಾಟು, ಸಿಕ್ಸರ್ ಸುಲಭ. ಅದೇ ಹುಡುಗ ಸೆಲೆಕ್ಷನ್‌ಗೆ ಹೋಗಿ ಲೆದರ್ ಬಾಲ್ ಎದುರು ಅದೇ ರೀತಿ ಬೀಸಿದರೆ, ಸೀಮ್ (ಚೆಂಡಿನ ಹೊಲಿಗೆ) ಮೇಲೆ ಬಿದ್ದು ಚೂರು ಹೊರಳಿದ ಚೆಂಡು ಒಂದೋ ಸ್ಲಿಪ್‌ನಲ್ಲಿ ನಿಂತವನ ಕೈಗೆ, ಇಲ್ಲವೇ ಸ್ಟಂಪ್‌ಗೆ. ಬೌಲರ್ ಪಾಡೂ ಅಷ್ಟೇ: ಟೆನಿಸ್ ಚೆಂಡಿನಲ್ಲಿ ಯಾರ್ಕರ್ (ಬ್ಯಾಟ್ಸ್‌ಮನ್ ಕಾಲಬುಡಕ್ಕೆ ಬೀಳುವ ಚೆಂಡು) ಹಾಕಿಯೇ ಬದುಕಿದವನಿಗೆ ಸ್ಟಂಪ್‌ನಿಂದ ಆರೇಳು ಮೀಟರ್ ದೂರದ ಲೆಂಗ್ತ್ ಮೇಲೆ ಓವರ್‌ಗಟ್ಟಲೆ ನಿಲ್ಲುವ ಅಭ್ಯಾಸವೇ ಇರುವುದಿಲ್ಲ.

ಎರಡನೆಯದು ಮಣ್ಣು. ಇದೇ ನಿಜವಾದ ತಲೆನೋವು. ವಿಜಯಪುರ, ಬಾಗಲಕೋಟೆ ಕಡೆಯ ಎರಿ ಮಣ್ಣಿನಲ್ಲಿ ಜೇಡಿ ಅಂಶ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಇದರಿಂದ ಟರ್ಫ್ ಪಿಚ್ (ಮಣ್ಣು-ಹುಲ್ಲಿನ ಪಿಚ್) ಆಗುವುದಿಲ್ಲ ಅಂತಲ್ಲ, ಜೇಡಿ ಇಲ್ಲದ ಮಣ್ಣು ಗಟ್ಟಿಯಾಗುವುದೇ ಇಲ್ಲ. ಎಡವುವುದು ರೋಲರ್ ಹೊತ್ತಿನಲ್ಲಿ. ಹಸಿ ಇದ್ದಾಗ ಎಳೆದರೆ ಮಣ್ಣು ರೋಲರ್‌ಗೆ ಮೆತ್ತಿಕೊಂಡು ಮೇಲ್ಮೈ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಎಳೆದರೆ ಒಳಗಿನ ಪದರ ಕೂಡುವುದಿಲ್ಲ. ಮೇಲೆ ನುಣುಪು, ಕೆಳಗೆ ಟೊಳ್ಳು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಅಂಟಬಾರದು. ಆ ಹದದಲ್ಲಿ ಮೊದಲು ಹಗುರ ರೋಲರ್, ಒಣಗುತ್ತಾ ಹೋದಂತೆ ಭಾರದ್ದು, ನಿಧಾನವಾಗಿ, ದಿನಕ್ಕೆ ಹಲವು ಸಲ. ಕರಿಕೆ ಹುಲ್ಲನ್ನು ಬೇರುಸಮೇತ ಕೆತ್ತಿ ತೆಗೆಯುವ ಚಾಳಿ ನಮ್ಮ ಕಡೆ ಬಹಳ. ಅದು ತಪ್ಪು: ಬೇರು ಮಣ್ಣನ್ನು ಹಿಡಿದಿಡುತ್ತದೆ, ಒಳಗಿನ ನೀರನ್ನು ಸಮನಾಗಿ ಹೊರಗೆಳೆಯುತ್ತದೆ. ಹುಲ್ಲು ಕತ್ತರಿಸಿ, ಕೀಳಬೇಡಿ.

ಇಷ್ಟು ಮಾಡಲು ನೀರು, ರೋಲರ್, ವರ್ಷಪೂರ್ತಿ ಸಂಬಳದ ಒಬ್ಬ ಮಾಲಿ ಬೇಕು. ಅದಿಲ್ಲದ ಕಡೆ ಮ್ಯಾಟ್ ಹಾಸುತ್ತಾರೆ. ಮ್ಯಾಟ್ ಮೇಲೆ ಪುಟಿತ ಒಂದೇ ತೆರ, ಅದರಲ್ಲಿ ಪಳಗಿದವನು ಟರ್ಫ್‌ಗೆ ಹೋದಾಗ ತಡವರಿಸುತ್ತಾನೆ. ಫ್ರಾಂಚೈಸಿ ಎಷ್ಟೇ ದುಡ್ಡು ಸುರಿದರೂ ಒಂದು ಸೀಸನ್‌ನಲ್ಲಿ ಇದು ಸರಿಹೋಗದು.

ಬೆಳಗಾವಿ ಈ ವಿಷಯದಲ್ಲಿ ಪುಣ್ಯವಂತ ಊರು. ಆಟೋನಗರದ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದಲ್ಲಿ 2019ರಲ್ಲಿ ಭಾರತ ಎ ತಂಡ ಶ್ರೀಲಂಕಾ ಎ ವಿರುದ್ಧ ಆಡಿದಾಗ ಅಭಿಮನ್ಯು ಈಶ್ವರನ್ 233 ಹೊಡೆದರು. ಅದಕ್ಕಿಂತ ಮೊದಲು, 2018ರ ನವೆಂಬರ್‌ನಲ್ಲಿ, ಅಲ್ಲೇ ಮುಂಬೈ ವಿರುದ್ಧದ ರಣಜಿ ಪಂದ್ಯದಲ್ಲಿ ಬೆಳಗಾವಿಯವರೇ ಆದ ರೋನಿತ್ ಮೋರೆ ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತರು. ನನ್ನ ಲೆಕ್ಕದಲ್ಲಿ ಪ್ಯಾಂಥರ್ಸ್ ಕಪ್‌ಗಿಂತ ಅದೇ ದೊಡ್ಡದು. ಮುಂದಿನ ಸಲ ಅಲ್ಲಿ ರಣಜಿ ಪಂದ್ಯ ಬಿದ್ದರೆ ಮೊದಲ ದಿನ ಬೆಳಿಗ್ಗೆಯೇ ಹೋಗಿ, ಬೌಲರ್‌ನ ಕೈ ನೇರಕ್ಕೆ ಕೂತುಕೊಳ್ಳಿ; ಹೊಸ ಚೆಂಡು ಹೊರಳುವುದು ಬದಿಯಿಂದ ಕಾಣುವುದಿಲ್ಲ. ಬೌಲಿಂಗ್ ಮಾಡುವ ಹುಡುಗರಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಚೆಂಡು ಎಲ್ಲಿ ಬೀಳುತ್ತದೆ ಎಂದು ಹತ್ತು ಓವರ್ ಗುರುತು ಹಾಕಿಸಿ.