ಕವರಿಲ್ಲದ ಕುರುಕಲು: ಮಳೆಗಾಲದವರೆಗಿನ ಲೆಕ್ಕ

ಜೂನ್

ಒಣಕಸದ ಚೀಲ ಸುರಿದು ನೋಡಿದರೆ ಅರ್ಧಕ್ಕರ್ಧ ಚಿಪ್ಸ್, ಮಿಕ್ಸ್ಚರ್, ಬಿಸ್ಕತ್ತಿನ ಕವರುಗಳೇ. ಒಳಗಡೆ ಮಿರಮಿರ ಮಿಂಚುವ ಕವರುಗಳದ್ದೇ ತಲೆನೋವು. ಪ್ಲಾಸ್ಟಿಕ್ ಪದರಕ್ಕೆ ತೆಳುವಾಗಿ ಅಲ್ಯೂಮಿನಿಯಂ ಹಿಡಿಸಿರುತ್ತಾರೆ. ಎರಡನ್ನೂ ಬಿಡಿಸುವುದು ಕಷ್ಟ, ಹಾಗಾಗಿ ಹಾಲಿನ ಕವರು ಕೊಳ್ಳುವ ಗುಜರಿಯವರೂ ಇದನ್ನು ಮುಟ್ಟುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯಲ್ಲಿ ಉರಿಯುತ್ತದೆ.

ಅದಕ್ಕೇ ಕುರುಕಲನ್ನು ಮನೆಯಲ್ಲೇ ಮಾಡಿ ಕವರು ಬಿಡೋಣವೆಂದು ಹೊರಟೆ. ಮೊದಲು ಹಿಡಿದಿದ್ದು ಖಾರದವಲಕ್ಕಿ. ಮೈಸೂರಲ್ಲಿ ಈ ತಿಂಗಳು ಬಿಸಿಲಿನ ನೆಚ್ಚಿಕೆಯಿಲ್ಲ. ಹಾಗಾಗಿ ಪೇಪರ್ ಅವಲಕ್ಕಿಯನ್ನು ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಹುರಿದೆ. ಕರಿಬೇವು ಒಗ್ಗರಣೆಯಲ್ಲಿ ಚಟಪಟ ಸದ್ದು ನಿಲ್ಲಿಸುವ ತನಕ ಕಾಯಬೇಕು, ಹಸಿ ಉಳಿದರೆ ಡಬ್ಬದ ಅವಲಕ್ಕಿಯೆಲ್ಲ ಮೆತ್ತಗಾಗುತ್ತದೆ. ಕಡಲೆಕಾಯಿ ಬೀಜ, ಹುರಿಗಡಲೆ, ಒಣಕೊಬ್ಬರಿ ಚೂರು. ಉಪ್ಪು, ಸಕ್ಕರೆಪುಡಿ ಒಲೆ ಆರಿಸಿದ ಮೇಲೆ. ಪೂರ್ತಿ ತಣ್ಣಗಾದ ಮೇಲಷ್ಟೇ ಸ್ಟೀಲ್ ಡಬ್ಬಕ್ಕೆ.

ಜುಲೈ

ತಿಂಡಿಯ ಕವರು ಕಡಿಮೆಯಾಯಿತು, ಆದರೆ ಕಡಲೆಬೀಜ, ಅವಲಕ್ಕಿ, ಎಣ್ಣೆ ಎಲ್ಲವೂ ಪ್ಲಾಸ್ಟಿಕ್ಕಿನಲ್ಲೇ ಬರುತ್ತಿದ್ದವು. ಇದು ಕಸವನ್ನು ಒಂದು ಮೆಟ್ಟಿಲು ಹಿಂದಕ್ಕೆ ತಳ್ಳಿದ್ದಷ್ಟೇ. ಈಗ ಬಟ್ಟೆ ಚೀಲ ಹಿಡಿದು ಸಂತೇಪೇಟೆಗೆ, ಸ್ಟೀಲ್ ಕ್ಯಾನ್ ಹಿಡಿದು ಗಾಣಕ್ಕೆ. ಗಾಣದ ಕಡಲೆಕಾಯಿ ಎಣ್ಣೆ ದುಬಾರಿ, ಅದಕ್ಕೇ ಕರಿಯುವುದೂ ತಾನಾಗಿ ಕಡಿಮೆಯಾಗಿದೆ. ಒಳ್ಳೆಯದೇ.

ಹಿಟ್ಟಿಗೆ ಗಿರಣಿ. ಅಕ್ಕಿ ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಆರಿಸಿ ಒಯ್ದರೆ ಅಲ್ಲೂ ಸರದಿ. "ಅಕ್ಕಾ, ಈಗ ರಾಗಿ ಹಾಕಿದೀನಿ. ಯಾರದ್ದಾದ್ರೂ ಅಕ್ಕಿ ಬರ್ಲಿ, ಅದರ ಹಿಂದೆ ನಿಮ್ದು ಹಾಕ್ತೀನಿ" ಅಂದರು ಗಿರಣಿಯವರು. ರಾಗಿಯ ಬೆನ್ನಿಗೇ ಹಾಕಿದರೆ ಚಕ್ಕುಲಿಯ ಬಣ್ಣ ಕೆಡುತ್ತದೆ. ಇನ್ನು ಮೆಣಸಿನಕಾಯಿ ಬೀಸಿದ ಮೇಲಂತೂ ಕೇಳಲೇಬೇಡಿ.

ಆಗಸ್ಟ್

ಅಷ್ಟಮಿಗೆ ಮುಂಚೆಯೇ ಚಕ್ಕುಲಿ. ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನಹಿಟ್ಟು, ಬಿಳಿ ಎಳ್ಳು, ಜೀರಿಗೆ, ಒಂದಿಷ್ಟು ಬೆಣ್ಣೆ. ಚಕ್ಕುಲಿ ಒರಳಿನಿಂದ ಎಳೆ ಹರಿದು ಬೀಳುತ್ತಿದ್ದರೆ ಹಿಟ್ಟು ಗಟ್ಟಿಯಾಗಿದೆ, ನೀರು ಚಿಮುಕಿಸಿ ಮತ್ತೆ ನಾದಬೇಕು. ಎಣ್ಣೆಯಲ್ಲಿ ಬಿದ್ದು ಬಿಚ್ಚಿಕೊಂಡರೆ ಬೆಣ್ಣೆ ಜಾಸ್ತಿ. ಬೆಂದಿದೆಯೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಬೇಡ, ಗುಳ್ಳೆ ನೋಡು ಅನ್ನುತ್ತಾರೆ ಅತ್ತೆ. ಚಕ್ಕುಲಿ ಸುತ್ತ ನೊರೆನೊರೆಯಾಗಿ ಏಳುವ ಗುಳ್ಳೆ ಅಡಗಿತೆಂದರೆ ಒಳಗಿನ ನೀರು ಹೋಯಿತೆಂದೇ ಅರ್ಥ. ಗರಿಗರಿ ಇರುವುದೇ ಅದರಲ್ಲಿ.

ನಿಪ್ಪಟ್ಟು ತಟ್ಟಲು ನಮ್ಮಲ್ಲಿ ಎಲ್ಲರೂ ಎಣ್ಣೆ ಕವರನ್ನೇ ಕತ್ತರಿಸಿ ಇಟ್ಟುಕೊಳ್ಳುವುದು! ಕವರು ಬಿಡಬೇಕೆಂದು ಹೊರಟವಳಿಗೆ ಅದು ಸರಿಬರಲಿಲ್ಲ. ಬಾಡಿಸಿದ ಬಾಳೆಲೆಗೆ ಎಣ್ಣೆ ಸವರಿ ತಟ್ಟಿದೆ, ಸಲೀಸಾಗಿ ಜಾರಿತು.

ಉಳಿದ ಎಣ್ಣೆಯ ವಿಚಾರ. ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು (ಎಣ್ಣೆ ಎಷ್ಟು ಕೆಟ್ಟಿದೆ ಎನ್ನುವುದಕ್ಕೆ ಇವೇ ಗುರುತು) ಶೇ. 25 ದಾಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮವೇ ಇದೆ, 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವೆಲ್ಲಿದೆ? ಹಾಗಾಗಿ ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸುತ್ತೇನೆ, ಮತ್ತೆ ಕರಿಯಲು ಮಾತ್ರ ಇಲ್ಲ.

ಮನೆಯಲ್ಲಿ ಆಲೂಗಡ್ಡೆ ಚಿಪ್ಸ್ ಮಾಡುವ ಯೋಚನೆ ಕೈಬಿಟ್ಟಿದ್ದೇನೆ. ಎಣ್ಣೆ, ಗ್ಯಾಸ್, ಹೊತ್ತು ಮೂರೂ ದಂಡ, ಮಳೆಗಾಲದಲ್ಲಿ ಸಂಜೆಗೇ ಮೆತ್ತಗಾಗುತ್ತದೆ. ಮಗನಿಗೆ ಬದಲಿಗೆ ತಂಬಿಟ್ಟು: ಹುರಿಗಡಲೆ ಹಿಟ್ಟು, ಬೆಲ್ಲದ ಪಾಕ, ಕೊಬ್ಬರಿ, ತುಪ್ಪ. ಕರಿಯುವ ಗೋಜೇ ಇಲ್ಲ. ಅವನ ಬಿಸ್ಕತ್ತು ಪ್ಯಾಕೆಟ್ಟು ಇನ್ನೂ ಬರುತ್ತಲೇ ಇದೆ, ಅದರ ಮೇಲೆ ಸದ್ಯಕ್ಕೆ ಜಗಳವಾಡುವ ಉತ್ಸಾಹ ನನಗಿಲ್ಲ. ಸಂಡಿಗೆ, ಹಪ್ಪಳ ಬೇಸಿಗೆಯವರೆಗೆ ಮುಂದಕ್ಕೆ. ಮುಂದಿನ ವಾರ ಕೋಡುಬಳೆ, ಅದಕ್ಕೆ ಚಿರೋಟಿ ರವೆ ಕವರಿಲ್ಲದೆ ಎಲ್ಲಿ ಸಿಗುತ್ತದೋ ವಿಚಾರಿಸಬೇಕು.