ಹೊಸೂರು ರೋಡಿನಲ್ಲಿ ಕೂತ ದಿನ

ಸಂಬಳದ ಚೀಟಿ ಕೈಗೆ ಬಂದಾಗ ಗಾರ್ಮೆಂಟ್ಸ್ ಹೆಂಗಸರ ಕಣ್ಣು ಮೊದಲು ಹೋಗುವುದು ಕಟ್ಟಕಡೆಯ ಅಂಕಿಗೆ. ಕೈಗೆ ಎಷ್ಟು ಸಿಗುತ್ತೆ? ಆಮೇಲೆ ರಜಕ್ಕೆ ಎಷ್ಟು ಹಿಡಿದಿದ್ದಾರೆ ಅಂತ ನೋಡುತ್ತೇವೆ. ಅದಾದ ಮೇಲೆ ಪಿಎಫ್, ಅಂದರೆ ಮುಂದಿನ ಕಾಲಕ್ಕೆ ಅಂತ ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುವ ಭವಿಷ್ಯ ನಿಧಿ. ಆ ಸಾಲಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುವವರನ್ನು ನಾನು ಹನ್ನೆರಡು ವರ್ಷ ನೋಡಿದ್ದೇನೆ. ನಾನೂ ಹಾಗೇ ನಿಂತಿದ್ದೇನೆ. ಬಾಡಿಗೆ, ರೇಷನ್, ಚೀಟಿ, ಸಂಘದ ಕಂತು ಎಲ್ಲ ಕಳೆದ ಮೇಲೆ ಯಾರ ಕೈಗೂ ಸಿಗದೆ ಉಳಿಯುವ ದುಡ್ಡು ಅದೊಂದೇ. ಗಂಡನ ಕೈಗೂ ಸಿಗಲ್ಲ, ಬಡ್ಡಿಯವನ ಕೈಗೂ ಸಿಗಲ್ಲ.

ನಾನು ಮದ್ದೂರು ಕಡೆಯವಳು. 2007ರಲ್ಲಿ ಬೆಂಗಳೂರಿನ ಬೊಮ್ಮನಹಳ್ಳಿಯ ಒಂದು ಫ್ಯಾಕ್ಟರಿಗೆ ಹೆಲ್ಪರ್ ಆಗಿ ಸೇರಿ, ಆಮೇಲೆ ಟೈಲರ್ ಆದೆ. ಕಾಲರ್ ಕೂರಿಸುವ ಕೆಲಸ. 2016ರ ಏಪ್ರಿಲ್‌ನಲ್ಲಿ ನನಗೆ ಒಂಬತ್ತು ವರ್ಷ ಸರ್ವಿಸ್ ಆಗಿತ್ತು. ಪಿಎಫ್‌ನಲ್ಲಿ ಒಂದು ಲಕ್ಷದ ಹತ್ತಿರ ಹತ್ತಿರ ಇತ್ತು. ಆ ದುಡ್ಡು ಬಂದರೆ ಬೇಗೂರು ಕಡೆ ಒಂದು ಮನೆ ಭೋಗ್ಯಕ್ಕೆ ಹಾಕಿಕೊಂಡು ಬಾಡಿಗೆಯ ಕಾಟ ಕಳೆದುಕೊಳ್ಳೋಣ ಅಂತ ಲೆಕ್ಕ ಹಾಕಿಟ್ಟಿದ್ದೆ.

ಆ ವರ್ಷ ಫೆಬ್ರವರಿ 10ಕ್ಕೆ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಾವು ಕಟ್ಟಿದ್ದನ್ನು ಬಡ್ಡಿ ಸಮೇತ ತಗೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು ಮಾತ್ರ 58 ವರ್ಷ ತುಂಬುವವರೆಗೆ ಸಿಗಲ್ಲ ಅಂತ. ನಮಗೆ ಇದು ಯಾವುದೂ ಗೊತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಕರೆದು ಹೇಳಿದವರೂ ಇಲ್ಲ, ನೋಟಿಸ್ ಬೋರ್ಡಿಗೆ ಹಾಕಿದವರೂ ಇಲ್ಲ. ಎರಡು ತಿಂಗಳಾದ ಮೇಲೆ ಪೇಪರಿನ ತುಂಡೊಂದು ಊಟದ ಡಬ್ಬಿ ಜೊತೆ ಒಳಗೆ ಬಂದು ಕೈಯಿಂದ ಕೈಗೆ ಹೋಯಿತು. ಓದಿದವರು ಓದದವರಿಗೆ ಹೇಳಿದರು.

ಪಕ್ಕದ ಮಿಷನ್ನಿನ ಅಕ್ಕ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಐವತ್ತೆಂಟಾ? ಅಲ್ಲೀಗಂಟ ಇಲ್ಲಿ ಯಾರಮ್ಮಿ ಇರ್ತಾರೆ?"

ನಾನು ತಲೆಯೆತ್ತಿ ಫ್ಲೋರ್ ಪೂರ್ತಿ ನೋಡಿದೆ. ಮುನ್ನೂರು ಜನರಲ್ಲಿ ಐವತ್ತು ದಾಟಿದವರು ಒಬ್ಬರೂ ಇರಲಿಲ್ಲ. ಕಣ್ಣು ಮಂಜಾದರೆ ಸೂಜಿಗೆ ದಾರ ಹೋಗಲ್ಲ. ಸೊಂಟ ಹಿಡಿದರೆ ಟಾರ್ಗೆಟ್ ಬರಲ್ಲ. ಟಾರ್ಗೆಟ್ ಬರದಿದ್ದರೆ ದಿನಾ ಎಲ್ಲರೆದುರು ಬೈಸಿಕೊಂಡು, ಒಂದು ದಿನ ತಾವಾಗೇ ಬಿಟ್ಟು ಹೋಗುತ್ತಾರೆ. ನಲವತ್ತೈದಕ್ಕೆ ಮನೆ ಸೇರುವವಳಿಗೆ 58ಕ್ಕೆ ಬಾ ಅಂದರೆ ನಡುವಿನ ಹದಿಮೂರು ವರ್ಷ ಏನು ತಿನ್ನಬೇಕು? ಆ ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಆಫೀಸಿನಲ್ಲಿ ಕೂತು ರಿಟೈರ್ ಆಗುವ ಮನುಷ್ಯ. ನಮ್ಮಂಥವರು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಊಟದ ಹೊತ್ತಿನಲ್ಲಿ ಲೆಕ್ಕ ಹಾಕಿದೆವು. ಬೇಸಿಕ್ಕು ಡಿಎ ಸೇರಿ ಏಳು ಸಾವಿರ ಅಂದುಕೊಂಡರೆ, ನಮ್ಮ ಸಂಬಳದಿಂದ ನೂರಕ್ಕೆ ಹನ್ನೆರಡರಂತೆ 840 ಹೋಗುತ್ತೆ. ಫ್ಯಾಕ್ಟರಿಯೂ 840 ಕಟ್ಟುತ್ತೆ. ಅದರಲ್ಲಿ 583 ಪೆನ್ಶನ್ ಖಾತೆಗೆ, ಉಳಿದ 257 ಪಿಎಫ್‌ಗೆ. ತಿಂಗಳಿಗೆ 257 ರೂಪಾಯಿ ಅಂದರೆ ಕೇಳುವವರಿಗೆ ಸಣ್ಣದು. ನನ್ನ ಒಂಬತ್ತು ವರ್ಷಕ್ಕೆ ಬಡ್ಡಿ ಸೇರಿ ಇಪ್ಪತ್ತು ಸಾವಿರದ ಮೇಲಾಗುತ್ತಿತ್ತು. ನನಗದು ಮೂರು ತಿಂಗಳ ದುಡಿಮೆ. ಅದೂ ಅವರು ಧರ್ಮಕ್ಕೆ ಕೊಡುವ ದುಡ್ಡಲ್ಲ. ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡದ್ದಕ್ಕೆ ಕಾನೂನು ಪ್ರಕಾರ ಕಟ್ಟಲೇಬೇಕಾದದ್ದು.

ಏಪ್ರಿಲ್ 18, ಸೋಮವಾರ. ಹೊಸೂರು ರೋಡಿನ ಬೇರೆ ಫ್ಯಾಕ್ಟರಿಯವರು ಹೊರಗೆ ಬಂದಿದ್ದಾರೆ ಅಂತ ಸುದ್ದಿ ಬಂತು. ನಮ್ಮ ಲೈನಿನಲ್ಲಿ ಯಾರೂ ಯಾರಿಗೂ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳು ಪೆಡಲ್‌ನಿಂದ ಕಾಲು ತೆಗೆದಳು. ಅವಳ ಹಿಂದಿನವಳೂ ತೆಗೆದಳು. ಒಂಬತ್ತು ವರ್ಷದಲ್ಲಿ ಕರೆಂಟ್ ಹೋದಾಗ ಬಿಟ್ಟರೆ ಆ ಫ್ಲೋರ್ ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳಿಸಿತು. ನನ್ನ ಸೂಜಿಯ ಕೆಳಗೆ ಅರ್ಧ ಹೊಲಿದ ಕಾಲರ್ ಹಾಗೇ ಇತ್ತು. ಸೂಪರ್‌ವೈಸರ್ ಬಂದು "ಕೂತ್ಕೊಳ್ರೇ, ಏನಾಯ್ತು ನಿಮ್ಗೆ" ಅಂದ. ದಿನವೂ ಅವನ ದನಿಗೆ ನನ್ನ ಕೈ ನಡುಗುತ್ತಿತ್ತು, ಅವತ್ತು ನಡುಗಲಿಲ್ಲ. ಅಕ್ಕ ಕತ್ತರಿಯನ್ನು ಡ್ರಾಯರಿಗೆ ಹಾಕಿ, ಡಬ್ಬಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು.

ರೋಡಿನಲ್ಲಿ ನೋಡಿದರೆ ಎತ್ತ ನೋಡಿದರತ್ತ ಹೆಂಗಸರು. ಮೇಲೆ ಫ್ಲೈಓವರ್, ಕೆಳಗೆ ನಾವು. ಏಪ್ರಿಲ್ ಬಿಸಿಲಿಗೆ ಟಾರು ಕಾದಿತ್ತು. ಚಪ್ಪಲಿ ಬಿಚ್ಚಿ ಅದರ ಮೇಲೇ ಕೂತೆವು. ಯಾವ ಯೂನಿಯನ್ ಕರೆದದ್ದೂ ಅಲ್ಲ. ಹಾಗಂತ ಸುಮ್ಮನೆ ರೇಗಿ ಬೀದಿಗೆ ಬಂದವರು ಅಂತ ಬರೆದರಲ್ಲ, ಅದು ನನಗೆ ಇವತ್ತಿಗೂ ನೋವು. ಪ್ರತಿಯೊಬ್ಬಳೂ ತನ್ನ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಒಬ್ಬಳಿಗೆ ಮಗಳ ಮದುವೆ, ಒಬ್ಬಳಿಗೆ ಅತ್ತೆಯ ಆಪರೇಷನ್, ಒಬ್ಬಳಿಗೆ ಊರಿನಲ್ಲಿ ಅಡ ಇಟ್ಟ ಅರ್ಧ ಎಕರೆ.

ಮಂಗಳವಾರ ಊರಿಗೆಲ್ಲ ಹಬ್ಬಿತು. ಮೈಸೂರು ರಸ್ತೆ, ತುಮಕೂರು ರಸ್ತೆ, ಜಾಲಹಳ್ಳಿ. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ವಾಹನಗಳು ಸುಟ್ಟವು, ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀವಿಯಲ್ಲಿ ಇಡೀ ದಿನ ಬೆಂಕಿಯನ್ನೇ ತೋರಿಸಿದರು. ಮೊಣಕೈ ಊದಿಕೊಂಡು ವಾರಗಟ್ಟಲೆ ಬಾಬಿನ್ ಹಾಕಲಾಗದೆ ಕೂತ ನಮ್ಮ ಲೈನಿನ ಹುಡುಗಿಯನ್ನು ಯಾರೂ ತೋರಿಸಲಿಲ್ಲ.

ಅವತ್ತು ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಅವರು ಮೊದಲು ಜುಲೈ 31ರವರೆಗೆ ತಡೆ ಅಂದರು. ಸಂಜೆಯೊಳಗೆ ನಿಯಮವೇ ರದ್ದು ಅಂದರು.

ಆಮೇಲೆ ಒಂದು ವಿಷಯ ತಿಳಿದು ನನಗೆ ತುಂಬಾ ಸಂಕಟವಾಯಿತು. ಅದೇ ವರ್ಷದ ಬಜೆಟ್‌ನಲ್ಲಿ ಪಿಎಫ್ ತೆಗೆಯುವಾಗ ನೂರಕ್ಕೆ ಅರವತ್ತು ಭಾಗಕ್ಕೆ ತೆರಿಗೆ ಹಾಕುವ ಮಾತು ಬಂದಿತ್ತು. ಫೆಬ್ರವರಿ 29ಕ್ಕೆ ಹೇಳಿ ಮಾರ್ಚ್ 8ಕ್ಕೆ ವಾಪಸ್ ತಗೊಂಡರು. ದೊಡ್ಡ ಸಂಬಳದವರು ಅದಕ್ಕಾಗಿ ರೋಡಿನಲ್ಲಿ ಕೂರಬೇಕಾಗಲಿಲ್ಲ, ಏಟು ತಿನ್ನಬೇಕಾಗಲಿಲ್ಲ. ಅವರ ಮಾತು ಕುರ್ಚಿಯಲ್ಲಿ ಕೂತೇ ಡೆಲ್ಲಿ ಮುಟ್ಟಿತು. ನಮ್ಮದು ಮುಟ್ಟಬೇಕಾದರೆ ಅರ್ಧ ಬೆಂಗಳೂರು ನಿಲ್ಲಬೇಕಾಯಿತು.

ಆ ಎರಡು ದಿನದ ಸಂಬಳ ಹಿಡಿದರು. ಗೇಟಿನಲ್ಲಿ ನಿಂತು ಕರಪತ್ರ ಕೊಡುವ ಯೂನಿಯನ್ನಿನವರನ್ನು ಅದುವರೆಗೆ ನಾನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದೆ. ಆ ತಿಂಗಳು ನಿಂತು ಕರಪತ್ರ ತಗೊಂಡೆ, ಭಾನುವಾರದ ಮೀಟಿಂಗಿಗೂ ಹೋದೆ.

2019ರಲ್ಲಿ ಕೆಲಸ ಬಿಟ್ಟೆ. ಎರಡು ತಿಂಗಳು ಕಾದು ಅರ್ಜಿ ಹಾಕಿದೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನಿಶಿಯಲ್ ಬೇರೆ ಅಂತ ಒಂದು ಸಲ ವಾಪಸ್ ಬಂತು. ಸರಿ ಮಾಡಿಸಿದ ಮೇಲೆ ಎರಡೂ ಪಾಲು ಸೇರಿ ಬಂತು. ಬೇಗೂರಿನ ಮನೆ ಭೋಗ್ಯಕ್ಕೆ ಸಿಕ್ಕಿತು. ಈಗ ಅದೇ ಮನೆಯ ಕಿಟಕಿ ಪಕ್ಕ ಮೋಟಾರ್ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ.

ಅಕ್ಕ ಇನ್ನೂ ದುಡಿಯುತ್ತಿದ್ದಾರೆ, ಬೇರೆ ಫ್ಯಾಕ್ಟರಿಯಲ್ಲಿ, ಚೆಕ್ಕಿಂಗ್‌ನಲ್ಲಿ. ಮೊನ್ನೆ ಭಾನುವಾರ ಮನೆಗೆ ಬಂದು ಫೋನ್ ನನ್ನ ಕೈಗಿಟ್ಟು, "ನಂದು ಎಷ್ಟಾಗೈತೆ ನೋಡು" ಅಂದರು. ಪಾಸ್‌ಬುಕ್ ತೆಗೆದು ಓದಿದೆ. "ನಮ್ದೆಷ್ಟು, ಅವರದೆಷ್ಟು, ಬಿಡಿಸಿ ಹೇಳು" ಅಂದರು. ಬಿಡಿಸಿ ಹೇಳಿದೆ. ಅಕ್ಕ ನನ್ನ ಚಾಕ್ ಪೀಸ್ ತಗೊಂಡು, ಕತ್ತರಿಸಲು ಇಟ್ಟಿದ್ದ ಬಟ್ಟೆಯ ಅಂಚಿನಲ್ಲಿ ಎರಡೂ ಅಂಕಿ ಬರೆದು, ತಾವೇ ಒಂದು ಸಲ ಕೂಡಿ ನೋಡಿಕೊಂಡರು.